ಕೈ ತೊಳೆಯಲು ಕಲಿಸಿದ ವೈದ್ಯನು
ಇಗ್ನಾಟ್ಸ್ ಸೆಮ್ಮೆಲ್ವೈಸನ ಜೀವಿತವು



ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ಕಠಿಣವಾದ ವ್ಯಾಧಿ ಬಂದರೆ ಮೊದಲು ದೇವದುರ್ಗದ ಇಲ್ಲವೆ ಮಾನ್ವಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ವಾಸಿಯಾಗದಿದ್ದರೆ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತೇವೆ. ರೋಗಿಯೊಬ್ಬನು ಹೊರಟರೆ ಅವನ ಸಂಗಡ ತಾಯಿಯೂ ಹೆಂಡತಿಯೂ ಅಣ್ಣತಮ್ಮಂದಿರೂ ಹೊರಡುವುದು ನಮ್ಮ ಸೀಮೆಯ ವಾಡಿಕೆ. ರೊಟ್ಟಿಯ ಬುತ್ತಿ, ನೀರಿನ ತಂಬಿಗೆ, ಹೊದಿಕೆ ಇವುಗಳನ್ನು ಹೊತ್ತುಕೊಂಡು ಹೋಗಿ ಮಂಚದ ಮಗ್ಗುಲಲ್ಲಿಯೇ ಕುಳಿತು ಸೇವೆಮಾಡುವರು. ಇದು ಪ್ರೀತಿಯ ಕೆಲಸವೇ ಸರಿ. ಆದರೆ ಕೆಲವು ಸಾರಿ ವೈದ್ಯರು ರೋಗಿಯನ್ನು ಪ್ರತ್ಯೇಕ ವಾರ್ಡಿಗೆ ಒಯ್ದು, ಬಂಧುಗಳನ್ನು ಬಾಗಿಲಲ್ಲಿ ನಿಲ್ಲಿಸಿ, ಎಲ್ಲರೂ ಒಳಗೆ ಬರಬಾರದೆಂತಲೂ, ಹೋಗುವಾಗಲೂ ಬರುವಾಗಲೂ ಕೈ ತೊಳೆಯಬೇಕೆಂತಲೂ ಹೇಳುವರು. ಆಗ ಬಹು ಮಂದಿಗೆ ಮನನೋವಾಗುತ್ತದೆ. ದೂರ ನಿಲ್ಲು, ಮುಟ್ಟಬೇಡ ಎಂಬ ಮಾತುಗಳನ್ನು ತಲೆತಲಾಂತರದಿಂದ ಕೇಳಿದವರಿಗೆ ಈ ಮಾತು ಇನ್ನೂ ಕಠಿಣವಾಗಿ ತೋರುವುದು. ನಮ್ಮ ಕೈಗಳು ಮೈಲಿಗೆಯೋ ಎಂದು ಅವರು ಮನಸ್ಸಿನಲ್ಲಿಯೇ ಕೊರಗುವರು.

ಇಂಥವರ ಮನಸ್ಸಿಗೆ ಸಮಾಧಾನವೂ ಬುದ್ಧಿಗೆ ಬೆಳಕೂ ಉಂಟಾಗುವ ಹಾಗೆ ಒಬ್ಬ ವೈದ್ಯನ ಜೀವಿತವನ್ನು ಇಲ್ಲಿ ಬರೆಯುತ್ತೇವೆ. ಆಸ್ಪತ್ರೆಯಲ್ಲಿ ಕೈ ತೊಳೆಯುವ ನಿಯಮವು ಬಡವರನ್ನಾಗಲಿ ಹಳ್ಳಿಯವರನ್ನಾಗಲಿ ದೂರವಿಡುವುದಕ್ಕಾಗಿ ಹುಟ್ಟಲಿಲ್ಲ. ಬಹಳವಾಗಿ ಓದಿದವರ ಕೈಗಳಿಂದಲೇ ಬಡ ತಾಯಂದಿರು ಸಾಯುತ್ತಿದ್ದಾರೆಂದು ತಿಳಿದು, ಅಂಥ ಓದಿದವರಲ್ಲಿ ಒಬ್ಬನೇ ಆ ನಿಯಮವನ್ನು ಮೊದಲು ತನ್ನ ಮೇಲೆ ಹಾಕಿಕೊಂಡನು.

೧. ಔಷಧಕ್ಕೆ ಬಗ್ಗದ ಕ್ರಿಮಿಗಳು

ಕಥೆಗೆ ಮುಂಚೆ, ಪ್ರತ್ಯೇಕ ವಾರ್ಡು ಈಗ ಯಾಕೆ ಬೇಕೆಂಬುದನ್ನು ತಿಳಿದುಕೊಳ್ಳೋಣ. ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಗಳಾದ ಬ್ಯಾಕ್ಟೀರಿಯಗಳು ನಮ್ಮ ಚರ್ಮದ ಮೇಲೆಯೂ ಕರುಳಿನಲ್ಲಿಯೂ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಕೆಲವು ಮಾತ್ರ ಗಾಯದಲ್ಲಿಯೋ ರಕ್ತದಲ್ಲಿಯೋ ಸೇರಿದರೆ ಪ್ರಾಣವನ್ನು ತೆಗೆಯುವವು. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಲಂಡನಿನಲ್ಲಿ ಪೆನಿಸಿಲಿನ್ ಎಂಬ ಔಷಧವನ್ನು ಕಂಡನು. ಇನ್ನೂ ಅನೇಕ ಔಷಧಗಳು ತರುವಾಯ ಬಂದವು. ಲಕ್ಷೋಪಲಕ್ಷ ಜನರು ಬದುಕಿದರು. ಆದರೆ ಔಷಧವನ್ನು ಅಲ್ಪವಾಗಿ ಉಪಯೋಗಿಸಿದರೆ ಕ್ರಿಮಿಗಳು ಅದನ್ನು ತಾಳಿಕೊಳ್ಳಲು ಕಲಿಯುವವೆಂದು ಫ್ಲೆಮಿಂಗನೇ ೧೯೪೫ರಲ್ಲಿ ನೊಬೆಲ್ ಬಹುಮಾನದ ಉಪನ್ಯಾಸದಲ್ಲಿ ಎಚ್ಚರಿಸಿದನು. ಆ ಎಚ್ಚರಿಕೆ ನಿಜವಾಯಿತು. ಈಗ ಕ್ಲೆಬ್ಸಿಯೆಲ್ಲ, ಅಸಿನೆಟೋಬ್ಯಾಕ್ಟರ್, ಸ್ಟ್ಯಾಫಿಲೊಕೊಕಸ್ ಮುಂತಾದ ಕ್ರಿಮಿಗಳಲ್ಲಿ ಕೆಲವು ತಳಿಗಳು ಅತಿ ಬಲವಾದ ಔಷಧಗಳಿಗೂ ಬಗ್ಗುವುದಿಲ್ಲ. ೨೦೧೯ನೆಯ ಇಸವಿಯೊಂದರಲ್ಲಿಯೇ ಇಂಥ ಕ್ರಿಮಿಗಳ ದೆಸೆಯಿಂದ ಲೋಕದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಮಂದಿ ಸತ್ತರೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ.

ಈ ಕ್ರಿಮಿಗಳಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಆಸ್ಪತ್ರೆಯಲ್ಲಿ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗಬೇಕಾದರೆ ಅವುಗಳಿಗೆ ಒಂದು ವಾಹನ ಬೇಕು. ಹೆಚ್ಚಾಗಿ ಆ ವಾಹನವು ಮನುಷ್ಯನ ಕೈಯೇ. ಕ್ರಿಮಿಗಳ ಹೆಸರೇ ತಿಳಿಯದ ಕಾಲದಲ್ಲಿ ಈ ಸತ್ಯವನ್ನು ಸಾವಿನ ಲೆಕ್ಕದಿಂದ ಕಂಡುಹಿಡಿದವನು ಇಗ್ನಾಟ್ಸ್ ಸೆಮ್ಮೆಲ್ವೈಸನು.

೨. ಬಾಲ್ಯವೂ ವಿದ್ಯಾಭ್ಯಾಸವೂ

ಹಂಗೇರಿ ದೇಶದಲ್ಲಿ ಡ್ಯಾನ್ಯೂಬ್ ಎಂಬ ಮಹಾನದಿಯ ಒಂದು ದಡದಲ್ಲಿ ಬುಡಾ, ಎದುರು ದಡದಲ್ಲಿ ಪೆಸ್ಟ್ ಎಂಬ ಎರಡು ಪಟ್ಟಣಗಳಿದ್ದವು. ೧೮೭೩ರಲ್ಲಿ ಇವು ಒಂದಾಗಿ ಬುಡಾಪೆಸ್ಟ್ ಎನಿಸಿಕೊಂಡವು. ಆ ಬುಡಾ ಪಟ್ಟಣದಲ್ಲಿ ೧೮೧೮ನೆಯ ಇಸವಿ ಜುಲೈ ೧ನೆಯ ತಾರೀಖಿನಲ್ಲಿ ಸೆಮ್ಮೆಲ್ವೈಸನು ಹುಟ್ಟಿದನು. ತಂದೆಯು ಕಿರಾಣಿ ವ್ಯಾಪಾರಿಯು. ಮನೆ ತುಂಬ ಮಕ್ಕಳು. ಮಗನು ನ್ಯಾಯಶಾಸ್ತ್ರವನ್ನು ಓದಲೆಂದು ೧೮೩೭ರಲ್ಲಿ ಆತನನ್ನು ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾ ನಗರಕ್ಕೆ ಕಳುಹಿಸಿದರು. ಆದರೆ ಆತನ ಮನಸ್ಸು ಅಲ್ಲಿ ನಿಲ್ಲದೆ ವೈದ್ಯಶಾಸ್ತ್ರದ ಕಡೆಗೆ ತಿರುಗಿತು. ೧೮೪೪ರಲ್ಲಿ ಆತನು ವೈದ್ಯ ಪದವಿಯನ್ನು ಹೊಂದಿದನು.

ಆ ಕಾಲದಲ್ಲಿ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯು ಯೂರೋಪಿನಲ್ಲೆಲ್ಲಾ ಪ್ರಸಿದ್ಧವಾಗಿತ್ತು. ಸತ್ತವರ ದೇಹಗಳನ್ನು ಕೊಯ್ದು ನೋಡಿ ರೋಗದ ಮೂಲವನ್ನು ತಿಳಿಯುವ ವಿದ್ಯೆಯಲ್ಲಿ ರೊಕಿಟಾನ್ಸ್ಕಿ ಎಂಬ ಗುರುವು ಅಲ್ಲಿ ಹೆಸರಾಗಿದ್ದನು. ಸ್ಕೋಡಾ, ಹೆಬ್ರಾ ಎಂಬ ವೈದ್ಯರೂ ಅಲ್ಲಿದ್ದರು. ಈ ಮೂವರೂ ಸೆಮ್ಮೆಲ್ವೈಸನಿಗೆ ಗುರುಗಳೂ ಹಿತೈಷಿಗಳೂ ಆದರು. ಆತನು ಹೆರಿಗೆಯ ವಿದ್ಯೆಯನ್ನು ಆರಿಸಿಕೊಂಡು, ೧೮೪೬ನೆಯ ಇಸವಿ ಜುಲೈ ತಿಂಗಳಲ್ಲಿ ಆ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನನ ಸಹಾಯಕನಾಗಿ ಕೆಲಸಕ್ಕೆ ಸೇರಿದನು.

೩. ಎರಡು ವಿಭಾಗಗಳು

ಆ ಆಸ್ಪತ್ರೆಯಲ್ಲಿ ಬಡ ಹೆಂಗಸರ ಹೆರಿಗೆಗಾಗಿ ಎರಡು ವಿಭಾಗಗಳಿದ್ದವು. ಒಂದು ದಿನ ಬಂದವರನ್ನು ಮೊದಲನೆಯದಕ್ಕೂ, ಮರುದಿನ ಬಂದವರನ್ನು ಎರಡನೆಯದಕ್ಕೂ ಸೇರಿಸಿಕೊಳ್ಳುತ್ತಿದ್ದರು. ೧೮೪೦ರಿಂದೀಚೆಗೆ ಮೊದಲನೆಯ ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು; ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಕಟ್ಟಡವೂ ಊಟವೂ ಹವೆಯೂ ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ. ಆದರೆ ಸಾವಿನ ಲೆಕ್ಕ ಮಾತ್ರ ಒಂದೇ ಆಗಿರಲಿಲ್ಲ. ೧೮೪೬ರಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ ೪,೦೧೦ ತಾಯಂದಿರಲ್ಲಿ ೪೫೯ ಮಂದಿ ಸತ್ತರು. ಎರಡನೆಯದರಲ್ಲಿ ೩,೭೫೪ ಮಂದಿಯಲ್ಲಿ ೧೦೫ ಮಂದಿ ಸತ್ತರು. ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಚಳಿ ಹತ್ತಿ, ಜ್ವರವೇರಿ, ಹೊಟ್ಟೆಯುಬ್ಬಿ, ನೋವಿನಿಂದ ನರಳಿ ಪ್ರಾಣ ಬಿಡುವುದೇ ಈ ವ್ಯಾಧಿ. ಬಾಣಂತಿ ಜ್ವರವೆಂದು ಇದಕ್ಕೆ ಹೆಸರು.

ಈ ಸಂಗತಿ ಊರಿನ ಬಡವರಿಗೆಲ್ಲಾ ತಿಳಿದಿತ್ತು. ತನ್ನ ಸರದಿ ಮೊದಲನೆಯ ವಿಭಾಗಕ್ಕೆ ಬಂದಿದೆಯೆಂದು ಕೇಳಿದ ಬಸುರಿಯರು ಮೊಣಕಾಲೂರಿ ಕೈಜೋಡಿಸಿ, ತಮ್ಮನ್ನು ಅಲ್ಲಿಗೆ ಕಳುಹಿಸಬಾರದೆಂದು ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವರಿಗೂ ಆ ಜ್ವರವು ಅಷ್ಟಾಗಿ ಬರುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತವಳು ಬದುಕುತ್ತಾಳೆ, ದೊಡ್ಡ ವೈದ್ಯರ ಕೈಯಲ್ಲಿ ಹೆತ್ತವಳು ಸಾಯುತ್ತಾಳೆ. ಇದೇನು ವಿಪರೀತವೆಂದು ಸೆಮ್ಮೆಲ್ವೈಸನು ಹಗಲಿರುಳು ಯೋಚಿಸಿದನು.

ಹಿರಿಯರು ಅನೇಕ ಕಾರಣಗಳನ್ನು ಹೇಳುತ್ತಿದ್ದರು. ಊರಿನ ಹವೆ ಕೆಟ್ಟಿದೆಯೆಂದರು. ಆದರೆ ಒಂದೇ ಹವೆಯು ಒಂದು ವಿಭಾಗದಲ್ಲಿ ಕೊಂದು ಇನ್ನೊಂದರಲ್ಲಿ ಬಿಡುವುದು ಹೇಗೆ? ಜನಸಂದಣಿ ಕಾರಣವೆಂದರು. ಆದರೆ ಎಲ್ಲರೂ ಎರಡನೆಯದನ್ನೇ ಬಯಸಿದ್ದರಿಂದ ಸಂದಣಿಯು ಅಲ್ಲಿಯೇ ಹೆಚ್ಚಾಗಿತ್ತು. ಸಾಯುವವರ ಬಳಿಗೆ ಬರುವ ಪಾದ್ರಿಯ ಮುಂದೆ ಗಂಟೆ ಬಾರಿಸುತ್ತಿದ್ದರು. ಆತನು ಮೊದಲನೆಯ ವಿಭಾಗದಲ್ಲಿ ಐದು ಕೋಣೆಗಳನ್ನು ದಾಟಿ ಹೋಗಬೇಕಾಗಿತ್ತು. ಆ ಶಬ್ದವನ್ನು ಕೇಳಿ ಬಾಣಂತಿಯರು ಭಯದಿಂದ ಜ್ವರಬೀಳುವರೆಂದು ಕೆಲವರು ಊಹಿಸಿದರು. ಸೆಮ್ಮೆಲ್ವೈಸನು ಗಂಟೆಯನ್ನು ನಿಲ್ಲಿಸಿ, ಪಾದ್ರಿಯು ಬೇರೆ ದಾರಿಯಿಂದ ಬರುವಂತೆ ಏರ್ಪಡಿಸಿದನು. ಸಾವು ಕಡಿಮೆಯಾಗಲಿಲ್ಲ. ಎರಡನೆಯ ವಿಭಾಗದಲ್ಲಿ ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸುತ್ತಾರೆಂದು ತಿಳಿದು ತಾನೂ ಹಾಗೆಯೇ ಮಾಡಿಸಿದನು. ಅದರಿಂದಲೂ ಪ್ರಯೋಜನವಾಗಲಿಲ್ಲ. ಸರಕಾರದವರು ಕೂಡಿಸಿದ ಮಂಡಲಿಯು ಪರದೇಶದ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷಿಸುವುದೇ ಕಾರಣವೆಂದು ತೀರ್ಮಾನಿಸಿ, ಅವರನ್ನು ಹೊರಗೆ ಹಾಕಿಸಿತು. ತಪ್ಪನ್ನು ಪರಕೀಯರ ಮೇಲೆ ಹೊರಿಸುವುದು ಎಲ್ಲಾ ಕಾಲದಲ್ಲಿಯೂ ಸುಲಭವೇ.

೪. ಸ್ನೇಹಿತನ ಮರಣ

೧೮೪೬ರ ಅಕ್ಟೋಬರಿನಲ್ಲಿ ಹಳೆಯ ಸಹಾಯಕನು ತಿರಿಗಿ ಬಂದದ್ದರಿಂದ ಸೆಮ್ಮೆಲ್ವೈಸನು ಕೆಲವು ತಿಂಗಳು ಸ್ಥಾನವನ್ನು ಬಿಡಬೇಕಾಯಿತು. ಆ ಬಿಡುವಿನ ಕೊನೆಯಲ್ಲಿ, ೧೮೪೭ರ ಮಾರ್ಚಿಯಲ್ಲಿ, ಬೇಸತ್ತ ಮನಸ್ಸಿಗೆ ಶಾಂತಿಯಾಗಲೆಂದು ಸ್ನೇಹಿತರ ಸಂಗಡ ಇಟಲಿ ದೇಶದ ವೆನಿಸ್ ಪಟ್ಟಣವನ್ನು ನೋಡಲು ಹೋದನು. ಮರಳಿ ಬಂದಾಗ ದುಃಖಕರವಾದ ವರ್ತಮಾನವೊಂದು ಕಾದಿತ್ತು. ಆತನ ಸ್ನೇಹಿತನೂ ಪ್ರೊಫೆಸರನೂ ಆಗಿದ್ದ ಯಾಕೋಬ್ ಕೊಲ್ಲೆಚ್ಕನು ಹೆಣವೊಂದನ್ನು ಕೊಯ್ದು ತೋರಿಸುತ್ತಿರುವಾಗ ವಿದ್ಯಾರ್ಥಿಯ ಚೂರಿಯು ಬೆರಳಿಗೆ ತಗಲಿ, ಆ ಸಣ್ಣ ಗಾಯದಿಂದಲೇ ವಿಷವೇರಿ ಸತ್ತುಹೋಗಿದ್ದನು.

ಸೆಮ್ಮೆಲ್ವೈಸನು ಆ ಮರಣದ ವರದಿಯನ್ನು ಓದಿದನು. ಕೊಲ್ಲೆಚ್ಕನ ದೇಹದೊಳಗೆ ಕಂಡ ಗುರುತುಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರ ದೇಹಗಳಲ್ಲಿ ತಾನು ನೂರಾರು ಸಾರಿ ಕಂಡ ಗುರುತುಗಳೇ ಆಗಿದ್ದವು. ಆಗ ಆತನ ಕಣ್ಣು ತೆರೆಯಿತು. ಕೊಲ್ಲೆಚ್ಕನಿಗೆ ಹೆಣದ ವಿಷವನ್ನು ಒಯ್ದದ್ದು ಚೂರಿ; ತಾಯಂದಿರಿಗೆ ಅದನ್ನು ಒಯ್ದದ್ದು ವೈದ್ಯರ ಕೈ. ಯಾಕಂದರೆ ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣಗಳನ್ನು ಕೊಯ್ದು, ಸಾಬೂನಿನಿಂದ ಕೈ ತೊಳೆದುಕೊಂಡು, ಅಲ್ಲಿಂದ ನೆಟ್ಟಗೆ ಹೆರಿಗೆ ವಿಭಾಗಕ್ಕೆ ಬಂದು ಹೆಂಗಸರನ್ನು ಪರೀಕ್ಷಿಸುತ್ತಿದ್ದರು. ತೊಳೆದ ಕೈಗಳಲ್ಲಿಯೂ ಹೆಣದ ನಾತವು ಉಳಿದಿರುತ್ತಿತ್ತು. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಕೆಲಸವೇ ಇರಲಿಲ್ಲ. ಆದಕಾರಣ ಅವರ ವಿಭಾಗದಲ್ಲಿ ಸಾವು ಕಡಿಮೆ.

ಈ ತಿಳುವಳಿಕೆಯು ಆತನಿಗೆ ಸಂತೋಷವನ್ನಲ್ಲ, ಎದೆ ಸೀಳುವ ದುಃಖವನ್ನು ತಂದಿತು. ಬಾಣಂತಿ ಜ್ವರದ ಕಾರಣವನ್ನು ಹುಡುಕಬೇಕೆಂಬ ಆತುರದಿಂದ ಇತರರಿಗಿಂತ ಹೆಚ್ಚಾಗಿ ಹೆಣಗಳನ್ನು ಕೊಯ್ದವನು ಆತನೇ. ಆತನು ಸ್ಥಾನದಲ್ಲಿಲ್ಲದ ಫೆಬ್ರವರಿ ತಿಂಗಳಲ್ಲಿ ೩೧೨ ತಾಯಂದಿರಲ್ಲಿ ೬ ಮಂದಿ ಮಾತ್ರ ಸತ್ತಿದ್ದರು. ಆತನು ಮರಳಿ ಬಂದ ಮೇಲೆ ಏಪ್ರಿಲಿನಲ್ಲಿ ಅಷ್ಟೇ ತಾಯಂದಿರಲ್ಲಿ ೫೭ ಮಂದಿ ಸತ್ತರು. ಬದುಕಿಸಬೇಕೆಂದು ಮಾಡಿದ ಪ್ರಯತ್ನವೇ ಕೊಲ್ಲುತ್ತಿತ್ತು. ತನ್ನ ಕೈಯಿಂದ ಎಷ್ಟು ಮಂದಿ ಅಕಾಲ ಮರಣಕ್ಕೆ ಗುರಿಯಾದರೋ ಅದನ್ನು ದೇವರೊಬ್ಬನೇ ಬಲ್ಲನೆಂದು ಆತನು ತನ್ನ ಗ್ರಂಥದಲ್ಲಿ ಮರೆಮಾಚದೆ ಒಪ್ಪಿಕೊಂಡನು. ತಪ್ಪನ್ನು ಇತರರಲ್ಲಿ ಕಾಣುವುದಕ್ಕೆ ಮುಂಚೆ ತನ್ನಲ್ಲಿ ಕಂಡದ್ದರಿಂದಲೇ ಆತನಿಗೆ ಸತ್ಯವು ದೊರೆಯಿತೆಂದು ಹೇಳಬಹುದು.

೫. ಸುಣ್ಣದ ನೀರು

ಹೆಣದ ನಾತವನ್ನು ಹೋಗಲಾಡಿಸುವ ವಸ್ತುವು ಹೆಣದ ವಿಷವನ್ನೂ ಹೋಗಲಾಡಿಸುವುದೆಂದು ಆತನು ತರ್ಕಿಸಿದನು. ೧೮೪೭ರ ಮೇ ತಿಂಗಳ ನಡುವೆ ಮೊದಲನೆಯ ವಿಭಾಗದ ಬಾಗಿಲಲ್ಲಿ ಬೋಗುಣಿಗಳನ್ನು ಇರಿಸಿ, ಮೊದಲು ಕ್ಲೋರಿನ್ ನೀರನ್ನು, ಸ್ವಲ್ಪ ಕಾಲದ ಮೇಲೆ ಅಗ್ಗವಾದ ಕ್ಲೋರಿನ್ ಸುಣ್ಣದ ನೀರನ್ನು ತುಂಬಿಸಿದನು. ಕ್ಲೋರಿನ್ ಸುಣ್ಣವೆಂದರೆ ನಮಗೆ ಹೊಸದೇನೂ ಅಲ್ಲ. ನಮ್ಮ ಊರ ಬಾವಿಗಳಿಗೂ ನೀರಿನ ತೊಟ್ಟಿಗಳಿಗೂ ಹಾಕುವ ಬ್ಲೀಚಿಂಗ್ ಪುಡಿಯೇ ಅದು. ಪ್ರೊಫೆಸರನಾಗಲಿ ವಿದ್ಯಾರ್ಥಿಯಾಗಲಿ, ಆ ನೀರಿನಲ್ಲಿ ಚೆನ್ನಾಗಿ ಕೈ ತೊಳೆಯದೆ ಯಾವ ಹೆಂಗಸನ್ನೂ ಮುಟ್ಟಬಾರದೆಂದು ಅಪ್ಪಣೆಮಾಡಿದನು.

ಫಲವು ತಡವಾಗಲಿಲ್ಲ. ಜೂನ್ ತಿಂಗಳಲ್ಲಿ ೨೬೮ ತಾಯಂದಿರಲ್ಲಿ ೬ ಮಂದಿ, ಜುಲೈಯಲ್ಲಿ ೨೫೦ ಮಂದಿಯಲ್ಲಿ ೩ ಮಂದಿ ಮಾತ್ರ ಸತ್ತರು. ಮರುವರ್ಷವಾದ ೧೮೪೮ರಲ್ಲಿ ೩,೫೫೬ ತಾಯಂದಿರಲ್ಲಿ ಸತ್ತವರು ೪೫ ಮಂದಿ. ಆ ವರ್ಷದ ಮಾರ್ಚಿಯಲ್ಲಿಯೂ ಆಗಸ್ಟಿನಲ್ಲಿಯೂ ಒಬ್ಬ ತಾಯಿಯೂ ಸಾಯಲಿಲ್ಲ. ಯಾವ ಹೆಸರನ್ನು ಕೇಳಿ ಬಸುರಿಯರು ನಡುಗುತ್ತಿದ್ದರೋ ಆ ವಿಭಾಗವು ಸೂಲಗಿತ್ತಿಯರ ವಿಭಾಗದಷ್ಟೇ ಕ್ಷೇಮವಾಯಿತು. ಹೊಸ ಕಟ್ಟಡವನ್ನು ಕಟ್ಟಲಿಲ್ಲ, ಹೊಸ ಔಷಧವನ್ನು ಕುಡಿಸಲಿಲ್ಲ. ಒಂದು ಬೋಗುಣಿ ನೀರೂ ಹಿಡಿ ಪುಡಿಯೂ ಒಂದು ಕಟ್ಟುನಿಟ್ಟಾದ ನಿಯಮವೂ ಸಾಕಾಯಿತು.

೬. ಪ್ರತ್ಯೇಕ ಕೋಣೆ

ಆದರೆ ಪಾಠವು ಅಲ್ಲಿಗೇ ಮುಗಿಯಲಿಲ್ಲ. ೧೮೪೭ರ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಹುಣ್ಣಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಮೊದಲನೆಯ ಮಂಚದಲ್ಲಿ ಮಲಗಿಸಿದ್ದರು. ವೈದ್ಯರು ದಿನಾಲು ಆ ಮಂಚದಿಂದಲೇ ಪರೀಕ್ಷೆಯನ್ನು ಆರಂಭಿಸುವರು. ವಿಭಾಗವನ್ನು ಪ್ರವೇಶಿಸುವಾಗ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆದಿದ್ದರು. ಆದರೆ ಒಬ್ಬಳನ್ನು ಮುಟ್ಟಿ ಇನ್ನೊಬ್ಬಳ ಬಳಿಗೆ ಹೋಗುವಾಗ ಬರೀ ಸಾಬೂನಿನಿಂದ ತೊಳೆದರು. ಆ ಸಾಲಿನಲ್ಲಿ ಹೆತ್ತ ಹನ್ನೆರಡು ಮಂದಿ ತಾಯಂದಿರಲ್ಲಿ ಹನ್ನೊಂದು ಮಂದಿ ಸತ್ತರು. ಹೆಣದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ವಿಷವು ಕೈಯನ್ನು ಹತ್ತಿಕೊಂಡು ಮುಂದಿನ ಮಂಚಕ್ಕೆ ಹೋಗುವುದೆಂದು ಇದರಿಂದ ತಿಳಿಯಿತು. ಅಂದಿನಿಂದ ಒಬ್ಬ ರೋಗಿಗೂ ಮತ್ತೊಬ್ಬ ರೋಗಿಗೂ ನಡುವೆ ಕ್ಲೋರಿನ್ ನೀರಿನಲ್ಲಿಯೇ ಕೈ ತೊಳೆಯಬೇಕೆಂದು ಗೊತ್ತುಮಾಡಿದನು.

ಮುಂದಿನ ತಿಂಗಳಲ್ಲಿ ಮೊಣಕಾಲಿನ ಎಲುಬು ಕೊಳೆತು ಕೀವು ಸುರಿಯುತ್ತಿದ್ದ ಹೆಂಗಸೊಬ್ಬಳು ಹೆರಿಗೆಗೆ ಬಂದಳು. ಆಕೆಗೆ ಬಾಣಂತಿ ಜ್ವರವಿರಲಿಲ್ಲ. ಆದರೂ ಆಕೆಯಿದ್ದ ಕೋಣೆಯಲ್ಲಿ ಇತರ ತಾಯಂದಿರು ಜ್ವರಬಿದ್ದು ಸತ್ತರು. ಆಗ ಸೆಮ್ಮೆಲ್ವೈಸನು ಕೀವು ಸೋರುವ ರೋಗಿಗಳನ್ನು ಇತರರಿಂದ ಬೇರ್ಪಡಿಸಿ ಬೇರೆ ಕೋಣೆಯಲ್ಲಿರಿಸುವ ಪದ್ಧತಿಯನ್ನು ಅನುಸರಿಸಿದನು. ರೋಗಿಯು ಹೀನಳೆಂದು ಬೇರ್ಪಡಿಸಲಿಲ್ಲ. ಆಕೆಯ ಸೇವೆಯನ್ನೂ ನಿಲ್ಲಿಸಲಿಲ್ಲ. ನೆರೆಮಂಚದ ತಾಯಿಯು ತನ್ನ ಕೂಸಿನ ಸಂಗಡ ಮನೆಗೆ ಮರಳಬೇಕೆಂಬುದೊಂದೇ ಅದರ ಉದ್ದೇಶ. ಈ ಹೊತ್ತಿನ ಪ್ರತ್ಯೇಕ ವಾರ್ಡುಗಳ ಉದ್ದೇಶವೂ ಅದೇ.

೭. ವಿರೋಧವೂ ಮನಸ್ತಾಪವೂ

ಇಷ್ಟು ದೊಡ್ಡ ಜಯವನ್ನು ಕಂಡು ಎಲ್ಲರೂ ಆತನನ್ನು ಕೊಂಡಾಡಿದರೆಂದು ವಾಚಕರು ನೆನಸಬಹುದು. ಹಾಗಾಗಲಿಲ್ಲ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿ ಇವರು ಆತನ ಪಕ್ಷವನ್ನು ಹಿಡಿದರು. ಆದರೆ ತಮ್ಮ ಕೈಗಳೇ ಸಾವನ್ನು ಹೊತ್ತು ತಂದವೆಂಬ ಮಾತನ್ನು ಅನೇಕ ದೊಡ್ಡ ವೈದ್ಯರು ಸಹಿಸಲಾರದೆ ಹೋದರು. ಒಪ್ಪಿಕೊಂಡರೆ ಕಳೆದ ವರ್ಷಗಳ ಸಾವುಗಳ ಭಾರವೆಲ್ಲಾ ತಲೆಯ ಮೇಲೆ ಬೀಳುವುದು. ಜರ್ಮನಿಯ ಕೀಲ್ ಪಟ್ಟಣದ ವೈದ್ಯನಾದ ಮೈಕೇಲಿಸನು ಹೊಸ ಪದ್ಧತಿಯನ್ನು ಮನಃಪೂರ್ವಕವಾಗಿ ಸ್ವೀಕರಿಸಿದವನು. ಆತನ ಬಂಧುವಾದ ಹೆಣ್ಣುಮಗಳೊಬ್ಬಳು ಆತನ ಆರೈಕೆಯಲ್ಲಿ ಹೆತ್ತು ಇದೇ ಜ್ವರದಿಂದ ಸತ್ತಿದ್ದಳು. ಆ ಪಶ್ಚಾತ್ತಾಪವನ್ನು ತಾಳಲಾರದೆ ಆತನು ೧೮೪೮ರಲ್ಲಿ ತನ್ನ ಪ್ರಾಣವನ್ನೇ ತೆಗೆದುಕೊಂಡನು. ಇತರರು ಸುಲಭವಾದ ಮಾರ್ಗವನ್ನು ಹಿಡಿದು, ಆ ಮಾತು ಸುಳ್ಳೆಂದು ನಿರಾಕರಿಸಿದರು.

೧೮೪೯ರ ಮಾರ್ಚಿಯಲ್ಲಿ ಸೆಮ್ಮೆಲ್ವೈಸನ ಕೆಲಸದ ಅವಧಿ ಮುಗಿಯಿತು. ಕ್ಲೈನನು ಅದನ್ನು ಮುಂದುವರಿಸಲಿಲ್ಲ. ಮರುವರ್ಷ ಕಲಿಸುವ ಅಪ್ಪಣೆ ದೊರೆತರೂ, ಬೊಂಬೆಯ ಮೇಲೆ ಮಾತ್ರ ಕಲಿಸಬೇಕೆಂಬ ಕಟ್ಟಳೆಯಿತ್ತು. ಅವಮಾನವನ್ನು ತಾಳದೆ ಆತನು ಕೆಲವೇ ದಿನಗಳಲ್ಲಿ, ಸ್ನೇಹಿತರಿಗೂ ಹೇಳದೆ, ವಿಯೆನ್ನಾ ನಗರವನ್ನು ಬಿಟ್ಟು ಸ್ವದೇಶಕ್ಕೆ ಹೊರಟುಹೋದನು. ಇದರಿಂದ ಆತನ ಹಿತೈಷಿಗಳಿಗೆ ನೋವಾಯಿತು. ಆತನ ಪಕ್ಷವೂ ಬಲಹೀನವಾಯಿತು.

ಪೆಸ್ಟ್ ಪಟ್ಟಣದಲ್ಲಿ ಸಂತ ರೋಖನ ಹೆಸರಿನ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ೧೮೫೧ರಿಂದ ಆರು ವರ್ಷ ಸಂಬಳವಿಲ್ಲದೆ ನೋಡಿಕೊಂಡನು. ಅಲ್ಲಿ ಹೆತ್ತ ೯೩೩ ತಾಯಂದಿರಲ್ಲಿ ಬಾಣಂತಿ ಜ್ವರದಿಂದ ಸತ್ತವರು ೮ ಮಂದಿ ಮಾತ್ರ. ೧೮೫೫ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರನಾದನು. ೧೮೫೭ರಲ್ಲಿ ಮಾರಿಯಾ ವೈಡೆನ್‌ಹೋಫರ್ ಎಂಬಾಕೆಯನ್ನು ಮದುವೆಯಾದನು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿಯೂ ಒಮ್ಮೆ ಸಾವು ಹೆಚ್ಚಿತು. ಕೈಗಳು ಶುದ್ಧವಾಗಿದ್ದರೂ ಹೀಗೇಕೆಂದು ವಿಚಾರಿಸಿದಲ್ಲಿ, ಖರ್ಚನ್ನು ಉಳಿಸುವುದಕ್ಕಾಗಿ ಸರಿಯಾಗಿ ಒಗೆಯದ ಹಾಸಿಗೆ ಬಟ್ಟೆಗಳನ್ನು ಬಾಣಂತಿಯರಿಗೆ ಹಾಸುತ್ತಿದ್ದರೆಂದು ಕಂಡಿತು. ಆತನು ಅಧಿಕಾರಿಗಳ ಸಂಗಡ ಹೋರಾಡಿ ಶುದ್ಧವಾದ ಬಟ್ಟೆಗಳನ್ನು ತರಿಸಿದನು. ಕೈ, ಉಪಕರಣ, ಹಾಸಿಗೆ ಈ ಮೂರೂ ಶುದ್ಧವಾಗಿರಬೇಕೆಂಬುದೇ ಆತನ ಬೋಧನೆಯ ಸಾರ.

ಆದರೆ ಆತನಲ್ಲಿ ಕುಂದುಗಳಿರಲಿಲ್ಲವೆಂದು ಹೇಳಲಾರೆವು. ತಾನು ಕಂಡದ್ದನ್ನು ಪುಸ್ತಕವಾಗಿ ಬರೆಯಲು ಹದಿಮೂರು ವರ್ಷಗಳಿಗಿಂತ ಹೆಚ್ಚು ತಡಮಾಡಿದನು. ೧೮೬೧ರ ಇಸವಿಯನ್ನು ಹೊತ್ತು ಬಂದ ಆ ಗ್ರಂಥವು ಉದ್ದವಾಗಿಯೂ ಕಲಹದ ಮಾತುಗಳಿಂದ ತುಂಬಿಯೂ ಇತ್ತು. ಜನರು ಅದನ್ನು ಲಕ್ಷಿಸದೆ ಹೋದಾಗ ಬಹಿರಂಗ ಪತ್ರಗಳನ್ನು ಬರೆದು, ತನ್ನ ಮಾತನ್ನು ಒಪ್ಪದ ಪ್ರೊಫೆಸರರನ್ನು ಕೊಲೆಗಾರರೆಂದು ಹೆಸರು ಹಿಡಿದು ಜರಿದನು. ಆತನ ಸಿಟ್ಟು ನ್ಯಾಯವಾದದ್ದೇ. ಯಾಕಂದರೆ ದಿನದಿನವೂ ತಾಯಂದಿರು ಸಾಯುತ್ತಿದ್ದರು. ಆದಾಗ್ಯೂ ಸಿಟ್ಟಿನ ಮಾತು ಕೇಳುವವರ ಕಿವಿಯನ್ನು ಮುಚ್ಚಿತು. ಸತ್ಯವನ್ನು ಕಂಡವನಿಗೆ ತಾಳ್ಮೆಯೂ ಬೇಕು. ಸತ್ಯವನ್ನು ಕೇಳುವವನಿಗೆ ತಗ್ಗಿದ ಮನಸ್ಸೂ ಬೇಕು. ಎರಡೂ ಕೂಡಿಬಾರದೆ ಹೋದದ್ದರಿಂದ ಅನೇಕ ಜೀವಗಳು ನಷ್ಟವಾದವು.

೮. ಅಂತ್ಯವು

ಬರಬರುತ್ತಾ ಆತನ ಮನಸ್ಸು ಸ್ಥಿಮಿತವನ್ನು ಕಳೆದುಕೊಂಡಿತು. ೧೮೬೫ನೆಯ ಇಸವಿ ಜುಲೈ ತಿಂಗಳ ಕೊನೆಯಲ್ಲಿ ಆತನನ್ನು ವಿಯೆನ್ನಾ ನಗರಕ್ಕೆ ಕರೆತಂದು ಹುಚ್ಚರ ಆಸ್ಪತ್ರೆಯಲ್ಲಿ ಸೇರಿಸಿದರು. ಅಲ್ಲಿಂದ ಹೊರಗೆ ಬರಲು ಯತ್ನಿಸಿದಾಗ ಕಾವಲುಗಾರರು ಆತನನ್ನು ಹೊಡೆದರು. ಆತನ ಮೈಮೇಲಿನ ಗಾಯಗಳು ಕೊಳೆತು ರಕ್ತವು ವಿಷವಾಯಿತು. ಆಗಸ್ಟ್ ೧೩ನೆಯ ತಾರೀಖಿನಲ್ಲಿ, ತನ್ನ ೪೭ನೆಯ ವಯಸ್ಸಿನಲ್ಲಿ, ಆತನು ತೀರಿಹೋದನು. ಯಾವ ವಿಧವಾದ ವಿಷದಿಂದ ತಾಯಂದಿರನ್ನು ಕಾಪಾಡಲು ಆಯುಷ್ಯವನ್ನು ಸವೆಸಿದನೋ ಅಂಥ ವಿಷದಿಂದಲೇ ಆತನಿಗೆ ಮರಣವುಂಟಾಯಿತು. ಮಣ್ಣು ಮಾಡುವಾಗ ಕೆಲವೇ ಮಂದಿ ಕೂಡಿದ್ದರು.

ಇದರ ಹಿಂದಿನ ದಿನವೇ, ಅಂದರೆ ಆಗಸ್ಟ್ ೧೨ರಂದು, ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು ಬಂಡಿಯ ಗಾಲಿ ಹಾಯ್ದು ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ ಕಟ್ಟಿದನು. ಆ ಗಾಯವು ಕೊಳೆಯದೆ ಮಾದಿತು. ಲಿಸ್ಟರನಿಗೆ ಆಗ ಸೆಮ್ಮೆಲ್ವೈಸನ ಹೆಸರು ಗೊತ್ತಿರಲಿಲ್ಲ. ೧೮೭೯ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರನು ಬಾಣಂತಿ ಜ್ವರದ ಕ್ರಿಮಿಯನ್ನು ತೋರಿಸಿಕೊಟ್ಟನು. ಸರದ ಮಣಿಗಳಂತೆ ಸಾಲಾಗಿರುವ ಆ ಕ್ರಿಮಿಗೆ ಸ್ಟ್ರೆಪ್ಟೊಕೊಕಸ್ ಎಂದು ಹೆಸರು. ಆಗ ಸತ್ತವನ ಮಾತು ಸತ್ಯವೆಂದು ಲೋಕವು ಮೆಲ್ಲಮೆಲ್ಲನೆ ಒಪ್ಪಿತು. ೧೮೯೧ರಲ್ಲಿ ಆತನ ಎಲುಬುಗಳನ್ನು ಬುಡಾಪೆಸ್ಟಿಗೆ ತಂದರು. ಅಲ್ಲಿಯ ವೈದ್ಯ ವಿಶ್ವವಿದ್ಯಾಲಯಕ್ಕೆ ೧೯೬೯ರಿಂದ ಆತನ ಹೆಸರೇ ಇದೆ. ಆತನು ಹುಟ್ಟಿದ ಮನೆಯು ವೈದ್ಯಶಾಸ್ತ್ರದ ವಸ್ತುಸಂಗ್ರಹಾಲಯವಾಗಿದೆ.

೯. ಈ ಜೀವಿತದಿಂದ ನಮಗೆ ಪಾಠವೇನು?

ಸೆಮ್ಮೆಲ್ವೈಸನ ಕಾಲದಲ್ಲಿ ಬಾಣಂತಿ ಜ್ವರಕ್ಕೆ ಔಷಧವೇ ಇರಲಿಲ್ಲ. ತರುವಾಯ ಔಷಧಗಳು ಬಂದವು. ಅವುಗಳ ಧೈರ್ಯದಿಂದ ಮನುಷ್ಯರು ಬೋಗುಣಿಯನ್ನು ಸ್ವಲ್ಪ ಮರೆತರು. ಈಗ ಔಷಧಕ್ಕೆ ಬಗ್ಗದ ಕ್ರಿಮಿಗಳು ಬಂದಿರುವದರಿಂದ ನಾವು ತಿರಿಗಿ ಆತನು ನಿಂತಿದ್ದ ಬಾಗಿಲಿಗೇ ಬಂದು ನಿಂತಿದ್ದೇವೆ. ಔಷಧವನ್ನು ತಾಳಿಕೊಳ್ಳಲು ಕಲಿತ ಕ್ರಿಮಿಯೂ ಕೈಯಿಂದ ತೊಳೆದುಹೋಗುವುದನ್ನು ತಪ್ಪಿಸಿಕೊಳ್ಳಲು ಕಲಿತಿಲ್ಲ. ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ಆಸ್ಪತ್ರೆಯಲ್ಲಿ ಪ್ರತಿ ಮಂಚದ ಬಳಿಯಲ್ಲಿ ಕೈಗೆ ಉಜ್ಜುವ ಮದ್ಯಸಾರವನ್ನು ಇರಿಸಿ ಎಲ್ಲರಿಗೂ ಅಭ್ಯಾಸಮಾಡಿಸಿದಾಗ, ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕೊಕಸ್ ಒಬ್ಬರಿಂದೊಬ್ಬರಿಗೆ ಹರಡುವುದು ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು ೨೦೦೦ದಲ್ಲಿ ಪ್ರಕಟವಾಯಿತು. ರೋಗಿಯನ್ನು ಮುಟ್ಟುವುದಕ್ಕೆ ಮುಂಚೆ, ಶುದ್ಧವಾಗಿರಬೇಕಾದ ಕೆಲಸಕ್ಕೆ ಮುಂಚೆ, ಮೈಯಿಂದ ಹೊರಟ ರಕ್ತ ಮೂತ್ರಾದಿಗಳು ತಗಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ, ಹೀಗೆ ಐದು ಸಮಯಗಳಲ್ಲಿ ಕೈ ಶುದ್ಧಿಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ವೈದ್ಯರಿಗೂ ದಾದಿಯರಿಗೂ ವಿಧಿಸಿದೆ.

ಆದಕಾರಣ, ಪ್ರಿಯರೇ, ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ನಮ್ಮವರು ಪ್ರತ್ಯೇಕ ವಾರ್ಡಿನಲ್ಲಿ ಮಲಗಿರುವಾಗ ಈ ಮಾತುಗಳನ್ನು ನೆನಪಿಡೋಣ. ಸಾಬೂನು ಹಚ್ಚಿ, ಬೆರಳ ಸಂದುಗಳನ್ನೂ ಉಗುರುಗಳನ್ನೂ ಹೆಬ್ಬೆರಳನ್ನೂ ಉಜ್ಜಿ, ಸುಮಾರು ಒಂದು ನಿಮಿಷದ ವರೆಗೆ ತೊಳೆಯಬೇಕು. ಕೈಗಳು ನೋಟಕ್ಕೆ ಶುದ್ಧವಾಗಿದ್ದರೆ ಮದ್ಯಸಾರವನ್ನು ಅರ್ಧ ನಿಮಿಷ ಉಜ್ಜಿದರೂ ಸಾಕು. ಒಂದು ಮಂಚದ ರೋಗಿಯ ಮೂತ್ರದ ಚೀಲವನ್ನಾಗಲಿ ಗಾಯದ ಬಟ್ಟೆಯನ್ನಾಗಲಿ ಮುಟ್ಟಿ, ಅದೇ ಕೈಯಿಂದ ಪಕ್ಕದ ಮಂಚದ ಕೂಸನ್ನು ಎತ್ತಿಕೊಳ್ಳಬಾರದು. ಅದು ವಾತ್ಸಲ್ಯದಿಂದಲೇ ಆಗಲಿ, ಕ್ರಿಮಿಯು ವಾತ್ಸಲ್ಯವನ್ನು ನೋಡುವುದಿಲ್ಲ. ರೋಗಿಯ ಮಂಚದ ಮೇಲೆ ಕೂಡ್ರಬಾರದು. ಬುತ್ತಿಯನ್ನು ಅಲ್ಲಿ ಬಿಚ್ಚಬಾರದು. ಅಸಿನೆಟೋಬ್ಯಾಕ್ಟರ್ ಎಂಬ ಕ್ರಿಮಿಯು ಒಣಗಿದ ಮಂಚದ ಕಂಬಿಯ ಮೇಲೆಯೂ ಅನೇಕ ದಿನ ಬದುಕಿರಬಲ್ಲದು. ಕೈಚೀಲವನ್ನು ತೊಟ್ಟಿದ್ದೇವೆಂದು ಕೈ ತೊಳೆಯುವುದನ್ನು ಬಿಡಬಾರದು. ಅದನ್ನು ಕಳಚಿದ ಮೇಲೆಯೂ ತೊಳೆಯಬೇಕು.

ಮನೆಯಲ್ಲಿಯೂ ನಮ್ಮ ಕರ್ತವ್ಯವುಂಟು. ಔಷಧದ ಹಾಳೆಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯನ ಚೀಟಿಯಿಲ್ಲದೆ ಅದನ್ನು ಅಂಗಡಿಯಿಂದ ಕೊಂಡು ನುಂಗಬಾರದೆಂದು ೨೦೧೬ರಿಂದ ಸರಕಾರವು ಸಾರಿದೆ. ನೆಗಡಿಗೂ ಸಾಧಾರಣ ಜ್ವರಕ್ಕೂ ಸೂಜಿ ಹಾಕಬೇಕೆಂದು ವೈದ್ಯನನ್ನು ಒತ್ತಾಯಪಡಿಸುವುದು, ನೆರೆಮನೆಯವರ ಉಳಿದ ಗುಳಿಗೆಗಳನ್ನು ನುಂಗುವುದು, ಹೇಳಿದ ದಿನಗಳ ವರೆಗೆ ತೆಗೆದುಕೊಳ್ಳದೆ ನಮ್ಮಷ್ಟಕ್ಕೆ ನಾವೇ ನಿಲ್ಲಿಸುವುದು, ಇವುಗಳೆಲ್ಲಾ ಕ್ರಿಮಿಗಳಿಗೆ ಪಾಠ ಕಲಿಸಿದ ಹಾಗೆ.

ಕಡೆಗೆ ಒಂದು ಮಾತು. ವಾರ್ಡಿನ ಬಾಗಿಲಲ್ಲಿ ದಾದಿಯು ಕೈ ತೊಳೆಯಿರೆಂದು ಹೇಳಿದರೆ ಅದನ್ನು ಅವಮಾನವೆಂದು ಎಣಿಸಬೇಡಿರಿ. ಆ ನಿಯಮದ ಮುಂದೆ ಮೇಲು ಕೀಳು ಎಂಬುದಿಲ್ಲ. ಅದು ಮೊದಲು ತಪ್ಪು ಕಂಡದ್ದು ಪ್ರೊಫೆಸರನ ಕೈಯಲ್ಲಿ, ಸೂಲಗಿತ್ತಿಯ ಕೈಯಲ್ಲಲ್ಲ. ಹಾಗೆಯೇ ವೈದ್ಯನಾಗಲಿ ದಾದಿಯಾಗಲಿ ಅವಸರದಲ್ಲಿ ಕೈ ತೊಳೆಯದೆ ನಮ್ಮ ರೋಗಿಯ ಬಳಿಗೆ ಬಂದರೆ, ಸಿಟ್ಟಿನಿಂದಲ್ಲ, ವಿನಯದಿಂದಲೂ ಧೈರ್ಯದಿಂದಲೂ ಅಯ್ಯಾ, ಅಮ್ಮಾ, ಕೈ ತೊಳೆದುಕೊಳ್ಳಿರಿ ಎಂದು ಕೇಳಲು ನಮಗೂ ಹಕ್ಕುಂಟು. ವಿಯೆನ್ನಾ ನಗರದ ಬಡ ಬಸುರಿಯರು ಮೊಣಕಾಲೂರಿ ಬೇಡಿಕೊಂಡಾಗ ಅವರ ಮಾತಿನಲ್ಲಿ ಸತ್ಯವಿತ್ತು. ಅದನ್ನು ಲಕ್ಷಿಸಿದವನು ಒಬ್ಬನೇ. ಆ ಒಬ್ಬನು ಇಟ್ಟ ಬೋಗುಣಿಯು ಈ ಹೊತ್ತಿಗೂ ನಮ್ಮ ಆಸ್ಪತ್ರೆಗಳ ಬಾಗಿಲಲ್ಲಿದೆ. ಅದನ್ನು ದಾಟಿಹೋಗದೆ, ನಿಂತು, ಕೈ ತೊಳೆದು, ಆಮೇಲೆ ನಮ್ಮವರ ಹಣೆಯನ್ನು ಮುಟ್ಟೋಣ.